ವ್ಯಾಸಂಗದೊಂದಿಗೆ ದುಡಿಯುವ ವಿದ್ಯಾರ್ಥಿಗಳು: ಆದಾಯ ತೆರಿಗೆ, ಭವಿಷ್ಯ ನಿಧಿ ಮತ್ತು ಇ.ಎಸ್.ಐ.

ದುಡಿಮೆಯಿಂದ ಬರುವ ಆದಾಯಕ್ಕೆ ವಿದ್ಯಾರ್ಥಿಗಳೆಂಬ ಕಾರಣದಿಂದ ಪ್ರತ್ಯೇಕ ತೆರಿಗೆ ದರವಿರುವುದಿಲ್ಲ. ಶಿಕ್ಷಣದ ವೆಚ್ಚಕ್ಕಾಗಿ ನೀಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಆದರೆ ಕೆಲಸಕ್ಕೆ ಪ್ರತಿಯಾಗಿ ಸಂಸ್ಥೆಗಳು ಕೊಡುವ ಸ್ಟೈಪೆಂಡ್ ಆದಾಯವೆಂದೇ ಪರಿಗಣಿತವಾಗುತ್ತದೆ. ಹೆಸರು ಒಂದೇ ಬಗೆಯಾಗಿ ಕೇಳಿಸುವುದರಿಂದ ಇವೆರಡನ್ನೂ ಅನೇಕರು ಬೆರೆಸುತ್ತಾರೆ. ಅಪ್ರಾಪ್ತ ವಯಸ್ಕರು ಸ್ವಂತ ಶ್ರಮ ಅಥವಾ ಕೌಶಲ್ಯದಿಂದ ಗಳಿಸಿದ ಹಣವನ್ನು ತಂದೆ ತಾಯಿಯರ ಆದಾಯಕ್ಕೆ ಸೇರಿಸಲಾಗುವುದಿಲ್ಲ.

2025–26ನೇ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂ.ವರೆಗಿನ ವಾರ್ಷಿಕ ಆದಾಯಕ್ಕೆ ತೆರಿಗೆ ಇರುವುದಿಲ್ಲ. ಹೀಗಿದ್ದರೂ ತೆರಿಗೆ ಕಡಿತವಾಗುವುದುಂಟು. ಉದಾಹರಣೆಗೆ, ಬಿಡುವಿನ ವೇಳೆಯಲ್ಲಿ ಒಂದು ಸಂಸ್ಥೆಗೆ ಒಳಾಂಗಣ ವಿನ್ಯಾಸ ಮಾಡಿಕೊಟ್ಟ ವಿದ್ಯಾರ್ಥಿನಿಗೆ ವರ್ಷದಲ್ಲಿ 80,000 ರೂ. ಶುಲ್ಕ ಸಲ್ಲಬೇಕಿದೆ ಎಂದಿಟ್ಟುಕೊಳ್ಳೋಣ. ವೃತ್ತಿಪರ ಶುಲ್ಕವು 50,000 ರೂ. ಮೀರಿರುವುದರಿಂದ ಸಂಸ್ಥೆಯು ಶೇ. 10ರಂತೆ 8,000 ರೂ. ಕಡಿತಗೊಳಿಸುತ್ತದೆ. ಪ್ಯಾನ್ ಸಂಖ್ಯೆ ನೀಡದಿದ್ದಲ್ಲಿ ಕಡಿತ ಶೇ. 20, ಅಂದರೆ 16,000 ರೂ. ಆಕೆಗೆ ಬೇರೆ ಆದಾಯವಿಲ್ಲದಿದ್ದರೆ ಕಡಿತವಾದ 8,000 ರೂ. ಪೂರ್ತಿ ಮರುಪಾವತಿಗೆ ಅರ್ಹ. ಆದರೆ ಈ ಹಣ ತಾನಾಗಿ ಹಿಂದಿರುಗುವುದಿಲ್ಲ; ನಿಗದಿತ ಅವಧಿಯೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸತಕ್ಕದ್ದು. ‘ತೆರಿಗೆ ಇಲ್ಲವಲ್ಲ, ರಿಟರ್ನ್ ಏಕೆ’ ಎಂದು ಸುಮ್ಮನಿದ್ದವರು ಒಂದು ಸೆಮಿಸ್ಟರಿನ ಶುಲ್ಕದಷ್ಟು ಹಣವನ್ನೇ ಕಳೆದುಕೊಳ್ಳಬಹುದು.

ಶುಲ್ಕದ ಬದಲು ವೇತನ ಪಡೆಯುವವರಿಗೆ ವಂತಿಗೆಗಳ ವಿಷಯ ಮುಖ್ಯ. ಭವಿಷ್ಯ ನಿಧಿಗೆ ಪರಿಗಣಿಸುವ ಮಾಸಿಕ ವೇತನ 12,000 ರೂ. ಇದ್ದಲ್ಲಿ, ಶೇ. 12ರ ದರದಲ್ಲಿ ನೌಕರರ ಪಾಲು 1,440 ರೂ.; ಮಾಲೀಕರೂ ಅಷ್ಟೇ ವಂತಿಗೆ ನೀಡಬೇಕು. ಕೆಲಸ ಬಿಟ್ಟ ಮೇಲೂ ಈ ಖಾತೆ ನೌಕರರದ್ದೇ. ಯು.ಎ.ಎನ್. ಸಂಖ್ಯೆಯನ್ನು ಬರೆದಿಟ್ಟುಕೊಂಡು ಮುಂದಿನ ಮಾಲೀಕರಿಗೆ ಅದನ್ನೇ ನೀಡತಕ್ಕದ್ದು. ಹೊಸ ಸಂಖ್ಯೆ ಪಡೆದರೆ ಹಳೆಯ ಹಣ ಪತ್ತೆಹಚ್ಚುವುದು ಪ್ರಯಾಸದ ಕೆಲಸ. ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆಯುವವರಿಗೆ ಈ ವಂತಿಗೆ ಅನ್ವಯಿಸುವುದಿಲ್ಲ.

ಇ.ಎಸ್.ಐ. ಅನ್ವಯವಾಗುವ ಸಂಸ್ಥೆಗಳಲ್ಲಿ, 2019ರ ಜುಲೈನಿಂದ ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಅದೇ 12,000 ರೂ. ವೇತನಕ್ಕೆ ಕಡಿತ ಕೇವಲ 90 ರೂ. ವೈದ್ಯಕೀಯ ಚಿಕಿತ್ಸೆಯ ಸೌಲಭ್ಯವು ವಿಮೆಗೊಳಪಟ್ಟ ಮೊದಲ ದಿನದಿಂದಲೇ ದೊರೆಯುತ್ತದೆ.

ಕರ್ನಾಟಕದಲ್ಲಿ ಮಾಸಿಕ ವೇತನ 25,000 ರೂ.ಗಿಂತ ಕಡಿಮೆಯಿದ್ದಲ್ಲಿ ವೃತ್ತಿ ತೆರಿಗೆ ಇರುವುದಿಲ್ಲ.

ರಿಟರ್ನ್ ಸಲ್ಲಿಸುವ ಮುನ್ನ, ಮರುಪಾವತಿ ಜಮೆಯಾಗಬೇಕಾದ ಬ್ಯಾಂಕ್ ಖಾತೆಯು ತಮ್ಮ ಹೆಸರಿನಲ್ಲಿದ್ದು ಪ್ಯಾನ್‌ಗೆ ಜೋಡಣೆಯಾಗಿದೆಯೇ ಎಂಬುದನ್ನು ವಿದ್ಯಾರ್ಥಿಗಳು ಖಚಿತಪಡಿಸಿಕೊಳ್ಳತಕ್ಕದ್ದು.