ಎಳ್ಳಮಾವಾಸ್ಯೆಯ ಹೊಲದಲ್ಲಿ

ರಾಜ್ಯಗಳ ಮೇರೆಯನ್ನು ಕಾಗದದ ಮೇಲೆ ಎಳೆಯಬಹುದು; ಕರಿಮಣ್ಣಿನ ಮೇಲೆ ಎಳೆಯುವುದು ಸುಲಭವಲ್ಲ. ಮಾರ್ಗಶಿರ ಮಾಸದ ಅಮಾವಾಸ್ಯೆಯಂದು ಲೋಹಾರಾ, ಉಮರಗಾ, ನಿಲಂಗಾ, ಉದಗೀರಗಳ ಕಡೆಗೆ ಹೋದವರಿಗೆ ಈ ಮಾತು ತಾನಾಗಿಯೇ ಮನದಟ್ಟಾಗುತ್ತದೆ. ಅಂದು ಪೇಟೆಯ ಬೀದಿಗಳು ಬರಿದಾಗಿರುತ್ತವೆ. ಊರಿಗೆ ಊರೇ ಹೊಲದಲ್ಲಿರುತ್ತದೆ.

ಹಿಂಗಾರಿ ಪೈರಿನ ನಡುವೆ ಜೋಳದ ಕಣಿಕೆಯಿಂದ ಪುಟ್ಟ ಗೂಡೊಂದನ್ನು ಕಟ್ಟುತ್ತಾರೆ. ಅಲ್ಲಿಯವರು ಅದನ್ನು ‘ಕೋಪ’ ಎನ್ನುವಾಗ ನಮಗೆ ನಮ್ಮ ಕೊಂಪೆ ನೆನಪಾಗುತ್ತದೆ. ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳು; ಅವೇ ಪಾಂಡವರು. ಸಜ್ಜೆಯ ಉಂಡೆ, ಹುಳಿ ಅಂಬಲಿ, ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ನೈವೇದ್ಯವಾಗುತ್ತವೆ. ಬಳಿಕ ಭೂತಾಯಿಗೆಂದು ಅಂಬಲಿಯನ್ನು ಪೈರಿನ ಮೇಲೆ ಚಿಮುಕಿಸುತ್ತ ಹೊಲವನ್ನು ಸುತ್ತುತ್ತಾರೆ. ನಾವು ಚರಗ ಚೆಲ್ಲುವುದೂ ಇದನ್ನೇ ಅಲ್ಲವೇ? ಕಲಬುರಗಿ, ಬೀದರಗಳ ಹೊಲಗಳಲ್ಲಿಯೂ ಅದೇ ದಿನ, ಅದೇ ಭಜ್ಜಿ.

ಮರಾಠಿಯಲ್ಲಿ ಬರೆಯುವಾಗ ಈ ಹಬ್ಬ ‘ವೇಳಾ ಅಮಾವಾಸ್ಯಾ’, ಆಡುವಾಗ ‘ಯೇಳವಸ’. ಇದು ನಮ್ಮ ಎಳ್ಳಮಾವಾಸ್ಯೆಯೇ ಸವೆದು ಆದ ರೂಪವೆಂಬ ವಿವರಣೆ ಆ ನಾಡಿನಲ್ಲಿಯೇ ರೂಢಿಯಲ್ಲಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಕಂಡಿತು. ಈ ಊರುಗಳೆಲ್ಲ ಗೋದಾವರಿಯ ತೆಂಕಣಕ್ಕೇ ಇವೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ ಜಿಲ್ಲೆಯೂ ಒಡೆಯಿತು. ನಿಲಂಗಾ, ಉದಗೀರಗಳು ಆಚೆಗೆ ಸೇರಿದವು. ಕಚೇರಿಯ ನುಡಿ, ಶಾಲೆಯ ಲಿಪಿ ಬೇರೆಯಾದವು. ಹಬ್ಬದ ಹೆಸರು ಮಾತ್ರ ಹೊಲ ಬಿಟ್ಟು ಕದಲಲಿಲ್ಲ.

ಏಕೆಂದು ಯೋಚಿಸಿದರೆ ನಮಗೆ ತೋರುವುದಿಷ್ಟು: ಪುಸ್ತಕದಲ್ಲಿರುವ ಮಾತನ್ನು ಓದುವವರು ಬೇಕು, ದುಡಿಮೆಯೊಂದಿಗೆ ಬೆಸೆದ ಮಾತು, ಆ ದುಡಿಮೆ ಇರುವ ತನಕ ತಾನೇ ಬಾಳುತ್ತದೆ. ಅರ್ಥ ಮರೆತವರ ಬಾಯಲ್ಲಿಯೂ ಅದು ಉಳಿಯುತ್ತದೆ. ನಮ್ಮ ಮಾತನ್ನು ಇಷ್ಟು ಕಾಲ ಜತನ ಮಾಡಿದ ಮರಾಠಿ ಒಕ್ಕಲಿಗನಿಗೆ ನಾವು ಋಣಿಗಳು.

ಆದರೆ ಈಗ ಜೋಳದ ನೆಲವನ್ನು ಸೋಯಾಬೀನ್, ಕಬ್ಬುಗಳು ಆವರಿಸುತ್ತಿವೆ. ರೈತನನ್ನು ದೂರುವಂತಿಲ್ಲ, ಅವನಿಗೂ ಸಾಲವಿದೆ, ಮಕ್ಕಳ ಓದಿದೆ. ಆದರೂ ಜೋಳವಿಲ್ಲದ ಹೊಲದಲ್ಲಿ ಕಣಿಕೆಯೆಲ್ಲಿ? ಕಣಿಕೆಯಿಲ್ಲದೆ ಕೋಪವೆಲ್ಲಿ? ಬೆಳೆ ಹೋದರೆ ಆಚರಣೆ ಸಡಿಲುತ್ತದೆ. ಆಚರಣೆ ಸಡಿಲಿದರೆ ಮಾತೂ ಉದುರುತ್ತದೆ. ಕನ್ನಡದ ಅಳಿವು-ಉಳಿವು ಪಾಠಶಾಲೆಯ ಪ್ರಶ್ನೆ ಮಾತ್ರವಲ್ಲ, ಬಿತ್ತನೆಯ ಪ್ರಶ್ನೆಯೂ ಹೌದು.

ಗಡಿಯ ಆಚೆ ಈಚೆ ಇರುವ ನಮ್ಮ ಓದುಗರಲ್ಲಿ ಬಿನ್ನಹವೊಂದೇ. ಈ ಸಲದ ಅಮಾವಾಸ್ಯೆಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಬದುವಿನ ಪಕ್ಕದಲ್ಲಾದರೂ ನಾಲ್ಕು ಸಾಲು ಜೋಳ ಇರಲಿ. ಭಜ್ಜಿ ಬಡಿಸುತ್ತ, ‘ಯೇಳವಸ’ದೊಳಗೆ ಎಳ್ಳು ಅಡಗಿದೆಯೆಂದು ಅವರಿಗೆ ಹೇಳಿರಿ. ಅಜ್ಜಿಯ ನುಡಿಯೂ ನೆರೆಯವರ ನುಡಿಯೂ ಒಂದೇ ಹೊಲದಲ್ಲಿ ಬೆಳೆದವೆಂದು ಆ ಮಕ್ಕಳು ಅರಿತರೆ ಸಾಕು.