ಹಳೇ ಅಡುಗೆಮನೆಗೆ ಹೊಸ ಕಪಾಟು: ಮೊದಲು ಗೋಡೆ ನೋಡಿ

ಮೈಸೂರಿನ ಅಗ್ರಹಾರದ ಹಳೇ ಹೆಂಚಿನ ಮನೆಗಳಲ್ಲೂ ಈಗ ಒಲೆಕಟ್ಟೆ ಒಡೆಸಿ ಕಪಾಟು ಕೂರಿಸುವ ಉತ್ಸಾಹ. ತಪ್ಪೇನಿಲ್ಲ. ಮಸಿ ಹಿಡಿದ ಗೂಡಿನಲ್ಲಿ ಡಬ್ಬ ತಡಕಿ ತಡಕಿ ಮನೆಯಾಕೆಯ ಸೊಂಟ ಬಿದ್ದುಹೋಗಿದೆ!

ಆದರೆ ಅಂಗಡಿಯಲ್ಲಿ ಹೊಳೆಯುವ ಕಪಾಟು ಕಂಡ ಕೂಡಲೇ ಅಡ್ವಾನ್ಸ್ ಕೊಡುವವರು ಸ್ವಲ್ಪ ತಡೆಯಬೇಕು. ಹಳೇ ಮಣ್ಣಿನ ಗೋಡೆ ನೆಟ್ಟಗಿರುವುದು ಅಪರೂಪ. ಬುಡದಲ್ಲಿ ಎಂಟಡಿ ಇದ್ದದ್ದು ಎದೆಮಟ್ಟಕ್ಕೆ ಬರುವಾಗ ಒಂದಂಗುಲ ಕಮ್ಮಿ. ಬಡಗಿಯನ್ನೇ ಮನೆಗೆ ಕರೆಸಿ, ಮೂರು ಎತ್ತರದಲ್ಲಿ ಅಳತೆ ಹಿಡಿಸುವುದು ಕ್ಷೇಮ. ಅಂಥಾ ಗೋಡೆಯಲ್ಲಿ ಮೊಳೆಯೂ ಭದ್ರವಾಗಿ ನಿಲ್ಲಲ್ಲ. ಅಕ್ಕಿ-ಬೇಳೆಯ ಭಾರವೆಲ್ಲ ನೆಲದ ಮೇಲಿನ ಕಪಾಟಿಗೇ ಇರಲಿ.

ಜೇಬಿಗೆ ಕತ್ತರಿ ಬೀಳೋದು ಪ್ಲೈವುಡ್‌ನಲ್ಲಿ. 'ಎಲ್ಲಾ ವಾಟರ್‌ಪ್ರೂಫೇ ಸಾರ್' ಅಂದರೆ ತಲೆಯಾಡಿಸದೆ ಹಲಗೆ ಮೇಲಿನ ಮುದ್ರೆ ಓದಿ. ಐಎಸ್ 303, ಎಂಆರ್ ಎಂದಿದ್ದರೆ ತೇವ ತಾಳೀತು, ನೀರು ತಾಳದು. ಸಿಂಕಿನ ಕೆಳಗೆ ಐಎಸ್ 710 ಮುದ್ರೆಯ ಮೆರೈನ್ ಹಲಗೆಯೇ ಬೇಕು. ಅಲ್ಲಿ ಉಳಿಸಿದ ದುಡ್ಡು ಒಂದೆರಡು ಮಳೆಗಾಲದಲ್ಲಿ ಉಬ್ಬಿಕೊಂಡು ಹೊರಬರುತ್ತೆ. ಗೆದ್ದಲಿನ ಔಷಧಿಯೂ ಕಪಾಟಿಗಿಂತ ಮೊದಲೇ ಗೋಡೆಬುಡಕ್ಕೆ ಬೀಳಬೇಕು, ಆಮೇಲೆ ಕೈ ತೂರಿಸಲು ಜಾಗವಿರದು.

ಬಿಚ್ಚಿದ ತೇಗದ ಬಾಗಿಲು, ಜಂತೆ ಇದ್ದರೆ ಗುಜರಿಗೆ ಹಾಕಬೇಡಿ. ಕಪಾಟಿನ ಚೌಕಟ್ಟಿಗೆ ಅಷ್ಟು ಒಣಗಿದ ಮರ ಸಾಮಿಲ್ಲಿನಲ್ಲಿ ಸುಲಭಕ್ಕೆ ಸಿಗಲ್ಲ.