ಅನಾಥನೊಬ್ಬನ ಐದು ಕಾದಂಬರಿಗಳು

ಪತ್ತೇದಾರಿ ಕಾದಂಬರಿ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಅಲ್ಲಿ ವಾಚಕನು ಪತ್ತೇದಾರನ ಬೆನ್ನ ಹಿಂದೆಯೇ ನಡೆದು, ಅಪರಾಧಿ ಸಿಕ್ಕಿಬಿದ್ದಾಗ ಸಮಾಧಾನದ ಉಸಿರು ಬಿಡುತ್ತಾನೆ. ಅಮೆರಿಕದ ಲೇಖಕಿ ಪೆಟ್ರೀಷಿಯಾ ಹೈಸ್ಮಿತ್ (1921–1995) ಮಾಡಿದ್ದು ಇದಕ್ಕೆ ತೀರ ವಿರುದ್ಧವಾದ ಕೆಲಸ. ಆಕೆ ನಮ್ಮನ್ನು ಕೊಲೆಗಾರನ ಪಕ್ಕದಲ್ಲೇ ಕೂರಿಸಿ, ಇವನೆಲ್ಲಿ ಸಿಕ್ಕಿಬೀಳುವನೋ ಎಂದು ನಮ್ಮ ಎದೆಯೇ ಹೊಡೆದುಕೊಳ್ಳುವಂತೆ ಮಾಡಿದರು.

1952ರಲ್ಲಿ ಆಕೆ ಇಟಲಿಯ ಪೊಸಿಟಾನೊ ಎಂಬ ಕಡಲತಡಿಯ ಊರಿನಲ್ಲಿ ತಂಗಿದ್ದರು. ಒಂದು ಮುಂಜಾನೆ ಹೋಟೆಲಿನ ಬಾಲ್ಕನಿಯಿಂದ ನೋಡಿದಾಗ, ಹೆಗಲ ಮೇಲೆ ಟವೆಲು ಹಾಕಿಕೊಂಡ ಯುವಕನೊಬ್ಬ ಏನನ್ನೋ ಯೋಚಿಸುತ್ತ ಮರಳಿನ ಮೇಲೆ ಒಂಟಿಯಾಗಿ ಹೋಗುತ್ತಿದ್ದ. ಅವನಾರೋ, ಏನೋ! ಆ ಒಂದು ನೋಟವೇ ಟಾಮ್ ರಿಪ್ಲೆಯ ಬೀಜವಾಯಿತು.

ಟಾಮ್‌ನ ತಂದೆತಾಯಿಗಳು ಬಾಸ್ಟನ್ ಬಂದರಿನಲ್ಲಿ ಮುಳುಗಿ ಸತ್ತವರು. ಅವನನ್ನು ಮೂದಲಿಸುತ್ತಲೇ ಸಾಕಿದವಳು ಅತ್ತೆ. ಕೈಯಲ್ಲಿ ಕಾಸಿಲ್ಲ, ಪ್ರತಿಭೆಗೆ ಕೊರತೆಯಿಲ್ಲ. ಯಾರ ದನಿಯನ್ನಾದರೂ ಅನುಕರಿಸಬಲ್ಲ, ಯಾರ ಸಹಿಯನ್ನಾದರೂ ಹಾಕಬಲ್ಲ. ಹಗಲೆಲ್ಲ ಕಡತಗಳ ಮೇಲಿನ ಸಹಿಗಳನ್ನೇ ನೋಡುವ ನನ್ನಂಥ ಗುಮಾಸ್ತನಿಗೆ ಮೊದಲ ಅಧ್ಯಾಯಗಳಲ್ಲೇ ಬೆವರಿಳಿಯಿತು. ವರಮಾನ ತೆರಿಗೆ ಕಚೇರಿಯ ಫಾರಂಗಳನ್ನು ಲಪಟಾಯಿಸಿ, ತೆರಿಗೆ ಬಾಕಿಯಿದೆಯೆಂದು ಜನರನ್ನು ಹೆದರಿಸಿ ಚೆಕ್ಕು ತರಿಸಿಕೊಳ್ಳುತ್ತಾನೆ. ಆದರೆ ಆ ಚೆಕ್ಕುಗಳನ್ನು ಅವನು ನಗದು ಮಾಡಿಕೊಳ್ಳುವಂತೆಯೇ ಇಲ್ಲ! ದೊಡ್ಡ ಅಧಿಕಾರಿಯಾಗಿ ನಟಿಸುವುದೇ ಅವನಿಗೆ ಸುಖ. ನಮಗೆ ನಗು ಬರುತ್ತದೆ, ಕನಿಕರವೂ ಬರುತ್ತದೆ. ಲೇಖಕಿ ನಮ್ಮನ್ನು ಹಿಡಿಯುವುದು ಅಲ್ಲಿಯೇ. ಮುಂದೆ ಇಟಲಿಯಲ್ಲಿ ಅವನು ಸಿರಿವಂತ ಗೆಳೆಯನನ್ನು ದೋಣಿಯಲ್ಲಿ ಹೊಡೆದು ಕೊಂದು, ಅವನ ಬಟ್ಟೆಯನ್ನೂ ಹೆಸರನ್ನೂ ತೊಟ್ಟುಕೊಳ್ಳುವ ಹೊತ್ತಿಗೆ ನಾವು ಎದ್ದುಹೋಗಲಾರೆವು.

ಕತೆ ಪ್ರಥಮ ಪುರುಷದಲ್ಲಿದ್ದರೂ ಟಾಮ್‌ನ ತಲೆಯನ್ನು ಬಿಟ್ಟು ಆಚೆ ಹೋಗುವುದೇ ಇಲ್ಲ. ಬರೆಯತೊಡಗಿದಾಗ ಹೈಸ್ಮಿತ್‌ಗೆ ತಮ್ಮ ಗದ್ಯ ಸಡಿಲವೆನಿಸಿ, ಬರೆದ ಪುಟಗಳನ್ನು ಎಸೆದು ಹೊಸದಾಗಿ ಆರಂಭಿಸಿದರಂತೆ. ಟಾಮ್ ಕುರ್ಚಿಯ ಅಂಚಿನಲ್ಲಿ ಕೂರುವ ಆಸಾಮಿಯಾದ್ದರಿಂದ ತಾವೂ ಹಾಗೆಯೇ ಕೂತು ಬರೆದರಂತೆ. ಆಕೆಯ ಬಾಲ್ಯವೂ ನೆಮ್ಮದಿಯದಲ್ಲ: ಹುಟ್ಟುವ ಮೊದಲೇ ತಂದೆತಾಯಿಗಳ ವಿಚ್ಛೇದನ, ಕೆಲಕಾಲ ಅಜ್ಜಿಯ ಮನೆ, ಎಂಟೊಂಬತ್ತನೆಯ ವಯಸ್ಸಿಗೇ ಕೈಗೆ ಸಿಕ್ಕ ಕಾರ್ಲ್ ಮೆನಿಂಜರರ ಮನೋರೋಗಗಳ ಪುಸ್ತಕ.

ಮೊದಲ ಕಾದಂಬರಿ 1955ರದು. ಎರಡನೆಯದಕ್ಕೆ ವಾಚಕರು 1970ರ ತನಕ ಕಾಯಬೇಕಾಯಿತು. ಆಮೇಲೆ 1974, 1980, 1991. ಕೊಲೆಗಾರನಿಗೆ ಶಿಕ್ಷೆಯೇ ಇಲ್ಲ. 1960ರಲ್ಲಿ ರೆನೆ ಕ್ಲೆಮಾನ್ ತೆಗೆದ ಫ್ರೆಂಚ್ ಚಿತ್ರದಲ್ಲಿ ಪೊಲೀಸರನ್ನು ಕರೆತಂದರು. ಲೇಖಕಿಗೆ ಅದು ಹಿಡಿಸಲಿಲ್ಲ. ಆಕೆಯ ಟಾಮ್ ಫ್ರಾನ್ಸಿನಲ್ಲಿ ಮನೆ, ಮಡದಿ, ಹೂದೋಟಗಳೊಡನೆ ಗೃಹಸ್ಥನಾಗಿ ಬಾಳುತ್ತಾನೆ. ಕತ್ತಿಗಿಂತ ಈ ಹೂದೋಟವೇ ನನ್ನನ್ನು ಹೆಚ್ಚು ಹೆದರಿಸಿತು.

ನಡುವಿನ ಎರಡು ಪುಸ್ತಕಗಳಿಗಿಂತ ನಾಲ್ಕನೆಯದು ನನಗೆ ಹೆಚ್ಚು ಹಿಡಿಸಿತು. ತಂದೆಯನ್ನು ಬಂಡೆಯ ಮೇಲಿಂದ ನೂಕಿದ ಹದಿನಾರರ ಹುಡುಗನೊಬ್ಬ ಟಾಮ್‌ನ ಆಸರೆ ಬಯಸಿ ಬರುತ್ತಾನೆ. ಅನಾಥನಾಗಿದ್ದವನು ಈಗ ಪಾಲಕ. ಊಟ ಹಾಕುತ್ತಾನೆ, ಅಡಗಿಸುತ್ತಾನೆ, ಆದದ್ದನ್ನು ಮರೆತುಬಿಡೆಂದು ಬಗೆಬಗೆಯಾಗಿ ಹೇಳುತ್ತಾನೆ. ಹುಡುಗನಿಗೆ ಮಾತ್ರ ಅದು ಸಾಧ್ಯವಾಗುವುದಿಲ್ಲ.